ಮಾಳಿಗೆ ಯಾರದು?

ನಮ್ಮ ಅಪಾರ್ಟ್‌ಮೆಂಟಿನ ಸಭೆ ನಡೆಯುವುದು ಕಾರು ನಿಲ್ಲಿಸುವ ಜಾಗದಲ್ಲಿ. ಬೆಳಿಗ್ಗೆ ಹತ್ತು ಗಂಟೆಗೆ ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಿರುತ್ತಾರೆ. ಹತ್ತೂವರೆಗೆ ಹೋದರೆ ಕಾರ್ಯದರ್ಶಿಗಳು ಒಬ್ಬರೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಲೆಕ್ಕದ ಪುಸ್ತಕದ ಹಾಳೆ ತಿರುವುತ್ತಿರುತ್ತಾರೆ. ಹನ್ನೊಂದರ ಹೊತ್ತಿಗೆ ನಾಲ್ಕು ಮಂದಿ ಬರುತ್ತಾರೆ. ಕೋರಂ ಇಲ್ಲವೆಂದು ಸಭೆಯನ್ನು ಹದಿನೈದು ನಿಮಿಷ ಮುಂದೂಡಿ, ಆಮೇಲೆ ಅದೇ ನಾಲ್ಕು ಮಂದಿಯನ್ನು ಕೋರಂ ಎಂದು ಒಪ್ಪಿಕೊಂಡು, ನೀರಿನ ಟ್ಯಾಂಕು ತೊಳೆಸುವ ಖರ್ಚಿಗೆ ಮಂಜೂರಾತಿ ಕೊಟ್ಟು ಎದ್ದು ಬರುತ್ತೇವೆ. ಮೂವತ್ತು ವರ್ಷದಿಂದ ಹೀಗೇ ನಡೆದು ಬಂದಿದೆ.

ಕಳೆದ ಸಭೆಯ ದಿನ ಮಾತ್ರ ಹತ್ತು ಗಂಟೆಗೆ ಮುಂಚೆಯೇ ಕುರ್ಚಿ ಸಾಲದೆ ಹೋಯಿತು. ಹನ್ನೆರಡು ಮನೆಯವರೂ ಬಂದಿದ್ದರು. ಮನೆಯನ್ನು ಬಾಡಿಗೆಗೆ ಕೊಟ್ಟು ಬೇರೆ ಕಡೆ ಇರುವವರು ಬಂದಿದ್ದರು. ಅಮೆರಿಕದಲ್ಲಿರುವ ಒಬ್ಬರು ಕಾರ್ಯದರ್ಶಿಗಳ ಮೊಬೈಲಿನಲ್ಲಿ ಮುಖ ತೋರಿಸುತ್ತ, ಅಲ್ಲಿ ರಾತ್ರಿಯಾಗಿದ್ದರೂ ನಿದ್ದೆಗೆಟ್ಟು ಕುಳಿತಿದ್ದರು. ಕಾರಣ, ಅಂದಿನ ವಿಷಯ ಟ್ಯಾಂಕು ತೊಳೆಸುವುದಾಗಿರಲಿಲ್ಲ. ಬಿಲ್ಡರ್ ಒಬ್ಬರು ಬರೆದ ಕಾಗದವೊಂದಿತ್ತು: ನಿಮ್ಮ ಹಳೆಯ ಕಟ್ಟಡವನ್ನು ಕೆಡವೋಣ, ಹೊಸದು ಕಟ್ಟೋಣ, ನಿಮಗೆ ಒಂದು ಪೈಸೆ ಖರ್ಚಿಲ್ಲ.

ಮೊದಲು ನಮ್ಮ ಕಟ್ಟಡದ ಜಾತಕ ಹೇಳಬೇಕು. ಇದು ಇರುವುದು ಬೆಂಗಳೂರಿನ ಮಲ್ಲೇಶ್ವರದಲ್ಲಿ, ಸಂಪಿಗೆ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಅಡ್ಡರಸ್ತೆಯಲ್ಲಿ. ನೆಲದ ಮಟ್ಟದಲ್ಲಿ ಕಾರುಗಳು, ಅದರ ಮೇಲೆ ನಾಲ್ಕು ಅಂತಸ್ತು, ಅಂತಸ್ತಿಗೆ ಮೂರರಂತೆ ಹನ್ನೆರಡು ಮನೆ. 1993ರಲ್ಲಿ ಮುಗಿದದ್ದು. ಮಡಚುವ ಜಾಲರಿ ಬಾಗಿಲಿನ ಲಿಫ್ಟು ಇತ್ತು. ಬಾಗಿಲು ಸರಿಯಾಗಿ ಮುಚ್ಚದೆ ಯಾರೋ ಮೇಲೆ ಇಳಿದು ಹೋದರೆ ಕೆಳಗಿದ್ದವರು ‘ಲಿಫ್ಟ್! ಲಿಫ್ಟ್!’ ಎಂದು ಕೂಗಬೇಕಿತ್ತು. ಅದನ್ನು ಬದಲಿಸುವಾಗ ಮೊದಲ ಅಂತಸ್ತಿನವರು ನಾವು ಮೆಟ್ಟಿಲಲ್ಲೇ ಓಡಾಡುವವರು, ನಾವೇಕೆ ದುಡ್ಡು ಕೊಡಬೇಕು ಎಂದು ಹಿಡಿದ ಹಟ ಎರಡು ವರ್ಷ ನಡೆಯಿತು. ಅಪಾರ್ಟ್‌ಮೆಂಟಿನಲ್ಲಿ ಇದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಇಲ್ಲದವರಿಗೆ ವಿವರಿಸಿದರೂ ನಂಬುವುದಿಲ್ಲ.

ಮಲ್ಲೇಶ್ವರ ಹಳೆಯ ಬಡಾವಣೆ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಜನ ಸತ್ತ ಮೇಲೆ, ಗಾಳಿ ಬೆಳಕು ಇರುವ ಕಡೆ ಊರು ಬೆಳೆಯಬೇಕೆಂಬ ಯೋಚನೆಯಿಂದ ತುಂಬಿಕೊಂಡ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಅಳತೆಗೆ ತಕ್ಕ ಅಡ್ಡರಸ್ತೆಗಳು, ಮರಗಳ ಹೆಸರಿನ ದೊಡ್ಡ ರಸ್ತೆಗಳು, ಮನೆಗಳ ಹಿಂದೆ ಕಕ್ಕಸು ಬಳಿಯುವವರು ಓಡಾಡಲೆಂದು ಬಿಟ್ಟ ಕನ್ಸರ್ವೆನ್ಸಿ ಓಣಿಗಳು. ಮನೆಗಳಿಗೆ ಮುಂದೆ ಹೂದೋಟ, ಹಿಂದೆ ಬಾವಿ, ಕಿಟಕಿಯ ಮೇಲೆ ಮರದ ಚೂಪು ಟೋಪಿ. ಆ ಟೋಪಿಯನ್ನು ಮಂಕಿಟಾಪ್ ಎನ್ನುತ್ತಾರೆ. ಅಂಥ ಮನೆಗಳು ಈಗಲೂ ಕೆಲವು ಉಳಿದಿವೆ. ಹೋದವುಗಳ ಕಥೆ ಹೆಚ್ಚು ಕಡಿಮೆ ಒಂದೇ. ಮನೆ ಕಟ್ಟಿದವರಿಗೆ ಮೂವರು ಮಕ್ಕಳು, ಅವರಿಗೆ ತಲಾ ಮೂವರು. ಬಂಗಲೆಯನ್ನು ಮೂರು ಪಾಲು ಮಾಡಲು ಬರುವುದಿಲ್ಲ. ಯಾರಿಗೆ ಹಜಾರ, ಯಾರಿಗೆ ಬಚ್ಚಲು? ಬಿಲ್ಡರಿಗೆ ಕೊಟ್ಟರೆ ಅಣ್ಣನಿಗೊಂದು, ತಮ್ಮನಿಗೊಂದು ಫ್ಲಾಟು ಬರುತ್ತದೆ, ಜಗಳ ಮುಗಿಯುತ್ತದೆ.

ನಮ್ಮ ಕಟ್ಟಡ ಎದ್ದದ್ದೂ ಹಾಗೆಯೇ. 60 ಅಡಿಗೆ 120 ಅಡಿ ನಿವೇಶನ. ಹನ್ನೆರಡರಲ್ಲಿ ನಾಲ್ಕು ಫ್ಲಾಟು ಆ ಮನೆತನದವರಿಗೆ ಹೋದವು, ಎಂಟನ್ನು ಬಿಲ್ಡರ್ ಮಾರಿದರು. ಆ ನಾಲ್ಕರಲ್ಲಿ ಮೂರು ಕೈ ಬದಲಾಗಿವೆ. ಎರಡನೆಯ ಅಂತಸ್ತಿನಲ್ಲಿರುವ ಅಜ್ಜಿ ಮಾತ್ರ ಉಳಿದವರು. ಅವರು ಆ ಬಂಗಲೆಗೆ ಹಿರಿಯ ಸೊಸೆಯಾಗಿ ಬಂದವರು. ನಾವೆಲ್ಲ ವಿಳಾಸ ಹೇಳುವಾಗ ಅಡ್ಡರಸ್ತೆಯ ನಂಬರು ಹೇಳುತ್ತೇವೆ. ಅವರು ‘ನಮ್ಮ ಪಾರಿಜಾತದ ಗಿಡ ಇದ್ದ ಕಡೆ’ ಎನ್ನುತ್ತಾರೆ. ಈಗ ಅಲ್ಲಿ ಜನರೇಟರ್ ಇದೆ.

ನಾನು ಫ್ಲಾಟು ಕೊಂಡಾಗ ಕೈಗೆ ಬಂದದ್ದು ಎರಡು ಕಾಗದ. ಒಂದು ಕ್ರಯಪತ್ರ, ಇನ್ನೊಂದು ಕಟ್ಟಡ ಕಟ್ಟಿಕೊಡುವ ಕರಾರು. ಕ್ರಯಪತ್ರದಲ್ಲಿ ಮನೆಯ ಮಾತೇ ಇರಲಿಲ್ಲ. ನೆಲದಲ್ಲಿ 600 ಚದರಡಿಯ ‘ವಿಭಾಗವಾಗದ ಪಾಲು’ ಎಂದಿತ್ತು. ಆ ಕಾಲದಲ್ಲಿ ಬೆಂಗಳೂರಿನ ಬಹಳಷ್ಟು ಫ್ಲಾಟುಗಳು ಹೀಗೆಯೇ ಮಾರಾಟವಾದವು. ನೆಲದ ಪಾಲಿಗಷ್ಟೇ ಮುದ್ರಾಂಕ ಶುಲ್ಕ ಬಿದ್ದರೆ ಖರ್ಚು ಕಡಿಮೆ. 7,200 ಚದರಡಿಯಲ್ಲಿ ನನ್ನ 600 ಎಲ್ಲಿದೆ ಎಂದು ಊರಿನಿಂದ ಬಂದಿದ್ದ ದೊಡ್ಡಪ್ಪ ಕೇಳಿದರು. ಎಲ್ಲಿಯೂ ಇಲ್ಲ, ಎಲ್ಲ ಕಡೆಯೂ ಇದೆ ಎಂದೆ. ‘ದೇವರಿದ್ದಂಗ ಐತಿ ಬಿಡಪ’ ಎಂದರು. ಸುಮ್ಮನೆ ಹಾಸ್ಯಕ್ಕೆ ಹೇಳಿದ ಮಾತಲ್ಲ ಅದು. ಅವರಿಗೆ ಪಾಲಿನ ವಿಷಯ ನನಗಿಂತ ಚೆನ್ನಾಗಿ ಗೊತ್ತಿತ್ತು.

ಇಟ್ಟಿಗಿ ನನ್ನ ಊರು. ಹೂವಿನಹಡಗಲಿ ತಾಲ್ಲೂಕು, ಮುಂಚೆ ಬಳ್ಳಾರಿ ಜಿಲ್ಲೆ, 2021ರಿಂದ ವಿಜಯನಗರ ಜಿಲ್ಲೆ. ನಮ್ಮ ಕಡೆ ಹಳೆಯ ಮನೆಯನ್ನು ಚದರಡಿಯಲ್ಲಿ ಅಳೆಯುವುದಿಲ್ಲ, ಅಂಕಣದಲ್ಲಿ ಅಳೆಯುತ್ತಾರೆ. ಕಂಬದಿಂದ ಕಂಬಕ್ಕೆ ಒಂದು ಅಂಕಣ. (ಪತ್ರಿಕೆಯಲ್ಲಿ ನಾನು ತುಂಬಿಸುವ ಈ ಜಾಗಕ್ಕೂ ಅದೇ ಹೆಸರು, ಇದರ ಮಾಳಿಗೆಯನ್ನು ಸಂಪಾದಕರು ನೋಡಿಕೊಳ್ಳುತ್ತಾರೆ.) ನಮ್ಮದು ಹದಿನೆಂಟಂಕಣದ ಮನೆ. ಕಲ್ಲು ಮಣ್ಣಿನ ಗೋಡೆ, ಮರದ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ ಹಾಸಿ ಗೇಣಿಗಿಂತ ದಪ್ಪ ಮಣ್ಣು. ಅದೇ ಮಾಳಿಗೆ. ಮಾಳಿಗೆಗೆ ಯಾವ ಮಣ್ಣಾದರೂ ಆಗುವುದಿಲ್ಲ. ನೀರು ಕುಡಿಯದ ಸವುಳು ಮಣ್ಣು ಬೇಕು, ಬೆಳೆ ಬಾರದ ಜಾಗದಲ್ಲಿ ಸಿಗುತ್ತದೆ. ರೋಹಿಣಿ ಮಳೆ ಬೀಳುವುದಕ್ಕೆ ಮುಂಚೆ ಚಕ್ಕಡಿಯಲ್ಲಿ ತಂದು, ಏಣಿ ಹತ್ತಿ ಹಾಕಿ, ತುಳಿದು, ದೋಣಿಯ ಕಡೆಗೆ ಇಳಿಜಾರು ಮಾಡಬೇಕು. ಪ್ರತಿ ವರ್ಷ. ಒಂದು ವರ್ಷ ಬಿಟ್ಟರೆ ಮಾಳಿಗೆಯ ಮೇಲೆ ಹುಲ್ಲು ಹುಟ್ಟುತ್ತದೆ, ಹುಲ್ಲಿನ ಬೇರು ಹಿಡಿದು ನೀರು ಇಳಿಯುತ್ತದೆ.

1970ರ ದಶಕದಲ್ಲಿ ಆ ಮನೆ ಮೂರು ಪಾಲಾಯಿತು. ದೊಡ್ಡಪ್ಪನಿಗೆ ಆರಂಕಣ, ನಮ್ಮಪ್ಪನಿಗೆ ಆರು, ಚಿಕ್ಕಪ್ಪನಿಗೆ ಆರು. ಊರಿನ ಹಿರಿಯರು ಕುಳಿತು ಹಗ್ಗ ಹಿಡಿದು ಅಳೆದರು. ನಡುಮನೆಯಲ್ಲಿ ಎರಡು ಗೋಡೆ ಎದ್ದವು. ಕೆಳಗೆ ಗೋಡೆ ಬಂತೇ ಹೊರತು ಮೇಲೆ ಮಾಳಿಗೆ ಒಂದೇ ಇತ್ತು. ನಮ್ಮ ಪಾಲಿನ ತೊಲೆಯ ಒಂದು ತುದಿ ಚಿಕ್ಕಪ್ಪನ ಗೋಡೆಯ ಮೇಲೆ ಕುಳಿತಿತ್ತು. ತೊಲೆಗೆ ಪಾಲುಪತ್ರ ಓದಲು ಬರುತ್ತದೆಯೇ?

ಚಿಕ್ಕಪ್ಪ ಹೊಸಪೇಟೆಯಲ್ಲಿ ನೌಕರಿ ಹಿಡಿದು ತನ್ನ ಪಾಲಿಗೆ ಬೀಗ ಹಾಕಿದ. ಮೊದಲ ವರ್ಷ ಅಪ್ಪ ಮತ್ತು ದೊಡ್ಡಪ್ಪ ತಮ್ಮ ತಮ್ಮ ಆರಂಕಣಕ್ಕೆ ಮಣ್ಣು ಹಾಕಿಸಿದರು. ಚಿಕ್ಕಪ್ಪನ ಮಾಳಿಗೆ ಹಾಗೇ ಉಳಿಯಿತು. ಅವನು ದುಡ್ಡು ಕಳಿಸಲಿಲ್ಲ, ಇವರು ಕೇಳಲಿಲ್ಲ, ಕೇಳುವುದಕ್ಕೆ ಬಿಗುಮಾನ. ಎರಡನೆಯ ವರ್ಷವೂ ಹಾಗೆಯೇ. ಮೂರನೆಯ ವರ್ಷ ಉತ್ತರೆ ಮಳೆ ನಾಲ್ಕು ದಿನ ಬಿಡದೆ ಹಿಡಿಯಿತು. ಐದನೆಯ ದಿನ ಬೆಳಗಿನ ಜಾವ ಚಿಕ್ಕಪ್ಪನ ಪಾಲಿನ ಗೋಡೆ ಕುಸಿಯಿತು, ಅದರ ಮೇಲೆ ಕುಳಿತಿದ್ದ ನಮ್ಮ ತೊಲೆ ಕುಸಿಯಿತು, ಅದರ ಕೆಳಗೆ ಕಟ್ಟಿದ್ದ ಎಮ್ಮೆ ಸತ್ತಿತು. ನಾವು ಪಡಸಾಲೆಯಲ್ಲಿ ಮಲಗಿದ್ದರಿಂದ ಉಳಿದೆವು. ಬೆಳಕಾದ ಮೇಲೆ ದೊಡ್ಡಪ್ಪ ಮಣ್ಣಿನ ರಾಶಿಯ ಮುಂದೆ ನಿಂತು ಹೇಳಿದ್ದು ನೆನಪಿದೆ: ‘ಅವನ ಮಾಳಿಗಿಗೆ ನಾವ್ಯಾಕ ಮಣ್ಣು ಹಾಕೂಣು ಅಂತ ಕುಂತ್ವಿ. ಅದು ಅವನ ಮಾಳಿಗಿ ಅಲ್ಲ, ನಮ್ಮ ಗ್ವಾಡಿ ಆಗಿತ್ತು.’

ಇದನ್ನೆಲ್ಲ ಹೇಳಿದ್ದು ಊರಿನ ಹಂಬಲದಿಂದಲ್ಲ. ಮಲ್ಲೇಶ್ವರದ ನಮ್ಮ ಕಟ್ಟಡವೂ ಐದಾರು ವರ್ಷದಿಂದ ಸೋರುತ್ತಿದೆ. ನಾಲ್ಕನೆಯ ಅಂತಸ್ತಿನ ಒಂದು ಮನೆಯ ಮಲಗುವ ಕೋಣೆಯಲ್ಲಿ ಮಳೆಗಾಲದಲ್ಲಿ ಬಕೆಟ್ಟು ಇಡಬೇಕು. ತಾರಸಿ ಎಲ್ಲರದ್ದು, ಹಪ್ಪಳ ಒಣಗಿಸುವಾಗ, ದೀಪಾವಳಿಯಲ್ಲಿ ಪಟಾಕಿ ಹಾರಿಸುವಾಗ ಎಲ್ಲರದ್ದೂ ಹೌದು. ಸೋರುವಾಗ ಮಾತ್ರ ಅದು ನಾಲ್ಕನೆಯ ಅಂತಸ್ತಿನವರದು. ವಾಟರ್‌ಪ್ರೂಫಿಂಗ್ ಮಾಡಿಸಲು ಮನೆಗಿಷ್ಟು ಎಂದು ಎರಡು ಸಲ ಎತ್ತಲು ಹೋಗಿ ಎರಡು ಸಲವೂ ಅರ್ಧಕ್ಕೆ ನಿಂತಿತು. ನಮ್ಮಲ್ಲಿ ದೊಡ್ಡ ದುರಸ್ತಿಗೆಂದು ಪ್ರತ್ಯೇಕ ನಿಧಿ ಇಲ್ಲ. ತಿಂಗಳ ಮೇಂಟೆನೆನ್ಸ್ ಹಣ ವಾಚ್‌ಮನ್ ಸಂಬಳ, ಕರೆಂಟು, ನೀರು, ಲಿಫ್ಟಿನ ಗುತ್ತಿಗೆ ಇಷ್ಟಕ್ಕೇ ಮುಗಿಯುತ್ತದೆ. ನಿಧಿ ಇಡೋಣ ಎಂದು 1998ರಲ್ಲಿ ಒಬ್ಬರು ಹೇಳಿದ್ದು ನಡವಳಿ ಪುಸ್ತಕದಲ್ಲಿದೆ. ‘ಮುಂದಿನ ಸಭೆಯಲ್ಲಿ ಚರ್ಚಿಸಲಾಗುವುದು’ ಎಂದು ಬರೆದಿದೆ.

ನಮ್ಮ ವಾಚ್‌ಮನ್ ಹರಪನಹಳ್ಳಿ ಕಡೆಯವನು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಹೆಂಡತಿ, ಮಗಳು, ಅವನು. ತಾರಸಿಯ ಮೇಲೆ ನಿಂತು ಬಿರುಕು ಹುಡುಕುವಾಗ ಅವನು ಹೇಳಿದ: ‘ಅಣ್ಣಾರ, ನಮ್ಮೂರ ಮಾಳಿಗಿ ಎಲ್ಲಿ ತೂತು ಬೀಳತೈತಿ ಅಲ್ಲೇ ಸೋರತೈತಿ. ಇದು ಹಂಗಲ್ಲ ನೋಡ್ರಿ. ತೂತು ಒಂದು ಕಡಿ, ಸೋರದು ಒಂದು ಕಡಿ.’ ಎಂಜಿನಿಯರ್ ಬಂದು ಹೇಳಿದ್ದೂ ಅದನ್ನೇ, ಶುಲ್ಕ ತೆಗೆದುಕೊಂಡು. ಕಾಂಕ್ರೀಟಿನೊಳಗೆ ಇಳಿದ ನೀರು ದಾರಿ ಹುಡುಕುತ್ತ ಹೋಗುತ್ತದೆ. ದಾರಿಯಲ್ಲಿ ಕಬ್ಬಿಣದ ಸರಳು ಸಿಕ್ಕರೆ ತುಕ್ಕು ಹಿಡಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವ ವಸ್ತು. ಅದು ಉಬ್ಬಿದಂತೆ ಸುತ್ತಲಿನ ಕಾಂಕ್ರೀಟು ಸೀಳುತ್ತದೆ, ಸೀಳಿನಲ್ಲಿ ಇನ್ನಷ್ಟು ನೀರು ಇಳಿಯುತ್ತದೆ. ಛಾವಣಿಯ ಗಾರೆ ಉದುರಿ ಬಿದ್ದಾಗ ನಾವು ಗಾರೆ ಮೆತ್ತಿಸಿ ಸುಣ್ಣ ಹೊಡೆಸುತ್ತೇವೆ. ಒಳಗೆ ಸರಳು ತನ್ನ ಕೆಲಸ ಮುಂದುವರಿಸುತ್ತದೆ.

ಅಮೆರಿಕದ ಫ್ಲಾರಿಡಾದಲ್ಲಿ ಸರ್ಫ್‌ಸೈಡ್ ಎಂಬ ಊರಿದೆ. ಅಲ್ಲಿ 1981ರಲ್ಲಿ ಕಟ್ಟಿದ ಹನ್ನೆರಡು ಅಂತಸ್ತಿನ ಅಪಾರ್ಟ್‌ಮೆಂಟ್ ಒಂದರ ದೊಡ್ಡ ಭಾಗ 2021ರ ಜೂನ್ 24ರ ನಸುಕಿನಲ್ಲಿ ಕುಸಿದು 98 ಮಂದಿ ಸತ್ತರು. ಈಜುಕೊಳದ ಸುತ್ತಲಿನ ಚಪ್ಪಡಿಯ ಕೆಳಗೆ ನೀರು ತಡೆಯುವ ಪದರ ಕೆಟ್ಟಿದೆ, ಕಾಂಕ್ರೀಟು ಹಾಳಾಗುತ್ತಿದೆ ಎಂದು ಎಂಜಿನಿಯರೊಬ್ಬರು 2018ರಲ್ಲಿಯೇ ವರದಿ ಕೊಟ್ಟಿದ್ದರು. ದುರಸ್ತಿಯ ಖರ್ಚು ದೊಡ್ಡದು. ಮನೆಯ ಮಾಲೀಕರ ನಡುವೆ ಚರ್ಚೆ, ಅಸಮಾಧಾನ, ಮಂಡಳಿಯವರ ರಾಜೀನಾಮೆ ಎಲ್ಲ ನಡೆದು, ಕೊನೆಗೆ ಹಣ ಎತ್ತಲು ಶುರುಮಾಡುವಷ್ಟರಲ್ಲಿ ಕಟ್ಟಡ ಕಾಯಲಿಲ್ಲ. ಕುಸಿದದ್ದಕ್ಕೆ ಕಾರಣ ಒಂದೇ ಅಲ್ಲ, ಕಟ್ಟಿದಾಗಿನ ದೋಷಗಳ ಮಾತೂ ಇದೆ. ಆದರೆ ಆ ಸಭೆಗಳ ವರದಿ ಓದಿದಾಗ ನನಗೆ ಪರದೇಶದ ಸುದ್ದಿ ಅನ್ನಿಸಲಿಲ್ಲ.

ಆದ್ದರಿಂದ ಬಿಲ್ಡರ್ ಕಾಗದ ಬಂದಾಗ ನಮ್ಮಲ್ಲಿ ಹಲವರಿಗೆ ನಿಜವಾಗಿಯೂ ಸಮಾಧಾನವಾಯಿತು. ನಾಲ್ಕನೆಯ ಅಂತಸ್ತಿನವರು ‘ಕೆಡವಿ ಹಾಕಿ ಸಾರ್, ಬಕೆಟ್ ಇಟ್ಟೂ ಇಟ್ಟೂ ಸಾಕಾಗಿದೆ’ ಎಂದರು. ತಪ್ಪೇನು? ಲೆಕ್ಕವೂ ಆಕರ್ಷಕವಾಗಿತ್ತು. ಈಗಿನ 1,000 ಚದರಡಿಯ ಬದಲು 1,200 ಚದರಡಿಯ ಮನೆ. ಹೊಸ ಲಿಫ್ಟು ಎರಡು. ಕೆಳಗೆ ಎರಡು ನೆಲಮಾಳಿಗೆ ತುಂಬ ಕಾರು. ಕಟ್ಟುವಷ್ಟು ಕಾಲ ಬಾಡಿಗೆ ಅವರೇ ಕೊಡುತ್ತಾರೆ. 2014ರಲ್ಲಿ ಸಂಪಿಗೆ ರಸ್ತೆಗೆ ಮೆಟ್ರೊ ಬಂದ ಮೇಲೆ ಇಲ್ಲಿನ ನೆಲದ ಬೆಲೆ ಏನಾಗಿದೆ ಎಂಬುದನ್ನು ಅವರ ಹುಡುಗ ಬಣ್ಣದ ಚಿತ್ರ ಹಾಕಿ ತೋರಿಸಿದ. ಹನ್ನೆರಡು ಮನೆ ಇರುವಲ್ಲಿ ಇಪ್ಪತ್ತನಾಲ್ಕು ಬರುತ್ತವೆ, ಹೆಚ್ಚಿನ ಹನ್ನೆರಡನ್ನು ಮಾರಿಕೊಂಡರೆ ಅವರ ಖರ್ಚು, ಲಾಭ ಎರಡೂ ಹುಟ್ಟುತ್ತವೆ.

ಅಜ್ಜಿ ಒಂದೇ ಪ್ರಶ್ನೆ ಕೇಳಿದರು. ‘ನನ್ನ ನೆಲ ಎಷ್ಟಾಗುತ್ತೆ?’

ಹುಡುಗ ಮತ್ತೆ 1,200 ಎಂದ. ‘ಅದು ಮನೆ ಕಣಪ್ಪ. ನಾನು ಕೇಳಿದ್ದು ನೆಲ.’

ಕಾರ್ಯದರ್ಶಿಗಳು ಬ್ಯಾಂಕಿನಲ್ಲಿದ್ದವರು, ಲೆಕ್ಕ ಹಾಕಿ ಹೇಳಿದರು. 7,200 ಚದರಡಿಯನ್ನು ಹನ್ನೆರಡರಿಂದ ಭಾಗಿಸಿದರೆ 600. ಇಪ್ಪತ್ತನಾಲ್ಕರಿಂದ ಭಾಗಿಸಿದರೆ 300. ಮನೆ ಇನ್ನೂರು ಚದರಡಿ ಬೆಳೆಯುತ್ತದೆ, ನೆಲ ಮುನ್ನೂರು ಚದರಡಿ ಕರಗುತ್ತದೆ. ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ‘ಒಂದು ಪೈಸೆ ಖರ್ಚಿಲ್ಲ’ ಎಂಬ ಮಾತಿನ ಬೆಲೆ ಅದು. ಕಟ್ಟಡ ಹಳೆಯದಾದಷ್ಟೂ ಅದರ ಬೆಲೆ ಇಳಿಯುತ್ತದೆ, ನೆಲದ ಬೆಲೆ ಏರುತ್ತದೆ. ಹಳೆಯ ಅಪಾರ್ಟ್‌ಮೆಂಟಿನಲ್ಲಿ ನಾವು ನಮ್ಮದೆಂದು ಸುಣ್ಣ ಬಳಿದು ಕಾಪಾಡುವುದು ಒಂದು, ನಿಜವಾಗಿ ಬೆಲೆಯುಳ್ಳದ್ದು ಇನ್ನೊಂದು. ಹಾಗೆಂದು ವ್ಯಾಪಾರ ಮೋಸದ್ದೇ ಎಂದೂ ಹೇಳಲಾರೆ. ಆ ಮುನ್ನೂರು ಚದರಡಿ ನನ್ನ ಕೈಗೆ ಎಂದೂ ಸಿಗದ ವಸ್ತು. ಅದನ್ನು ಕೊಟ್ಟು ಗಟ್ಟಿ ಛಾವಣಿ ಪಡೆಯುವುದು ನಷ್ಟವೇ ಆಗಬೇಕಿಲ್ಲ. ಆದರೆ ಏನು ಕೊಡುತ್ತಿದ್ದೇನೆ ಎಂದು ತಿಳಿದು ಕೊಡಬೇಕಲ್ಲ.

ಇನ್ನು ಕಾನೂನು. ಕರ್ನಾಟಕದಲ್ಲಿ ಅಪಾರ್ಟ್‌ಮೆಂಟ್ ಮಾಲೀಕತ್ವದ ಕಾಯಿದೆ 1972ರದು. ಎಲ್ಲ ಮಾಲೀಕರು ಸೇರಿ ಘೋಷಣಾ ಪತ್ರವನ್ನು ನೋಂದಾಯಿಸಿದರೆ ಆ ಕಟ್ಟಡ ಕಾಯಿದೆಯ ಒಳಗೆ ಬರುತ್ತದೆ. ಬಂದ ಮೇಲೆ ಮೆಟ್ಟಿಲು, ತಾರಸಿ, ನೆಲ ಇವುಗಳನ್ನು ಪಾಲು ಮಾಡಿಕೊಡಿ ಎಂದು ಯಾರೂ ಕೋರ್ಟಿಗೆ ಹೋಗುವಂತಿಲ್ಲ. ಕಾಯಿದೆಯಿಂದ ಕಟ್ಟಡವನ್ನು ಹೊರಗೆ ತರಬೇಕಾದರೆ ಎಲ್ಲರೂ ಒಪ್ಪಬೇಕು. ನಮ್ಮ ಬಿಲ್ಡರ್ ಆ ಪತ್ರ ಮಾಡಿಸದೆಯೇ ಹೋದರು. ನಾವು ಸಹಕಾರ ಸಂಘವೂ ಆಗಲಿಲ್ಲ. 1960ರ ಸಂಘಗಳ ನೋಂದಣಿ ಕಾಯಿದೆಯಡಿ, ಅಂದರೆ ನಾಟಕ ಸಂಘ, ಯುವಕ ಸಂಘ ನೋಂದಾಯಿಸುವ ಕಾಯಿದೆಯಡಿ ಒಂದು ಸಂಘ ಮಾಡಿಕೊಂಡು, ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಲಿಫ್ಟಿನ ಪಕ್ಕ ನೇತುಹಾಕಿದ್ದೇವೆ. ಬೆಂಗಳೂರಿನಲ್ಲಿ ಇಂಥ ಸಂಘಗಳು ಬೇಕಾದಷ್ಟಿವೆ. ಅಪಾರ್ಟ್‌ಮೆಂಟಿನ ಮಾಲೀಕರಿಗೆ ಆ ಕಾಯಿದೆ ತಕ್ಕದ್ದಲ್ಲ ಎಂದು ಹೈಕೋರ್ಟು ಈಚಿನ ವರ್ಷಗಳಲ್ಲಿ ಹೇಳಿದೆ. ಗಾಜು ಹಾಕಿಸಿದ ಖರ್ಚು ವ್ಯರ್ಥ.

2016ರ ರೇರಾ ಕಾಯಿದೆ ಬಂದ ಮೇಲೆ ಹೊಸ ಕಟ್ಟಡಗಳ ವಿಷಯದಲ್ಲಿ ಬಿಗಿ ಬಂದಿದೆ. ಸಮಾನ ಬಳಕೆಯ ಜಾಗವನ್ನು ಬಿಲ್ಡರ್ ಮಾಲೀಕರ ಸಂಘಕ್ಕೆ ಬರೆದುಕೊಡಲೇಬೇಕು, ಮನೆಯ ಅಳತೆಯನ್ನು ಗೋಡೆಯ ಒಳಗಿನ ಕಾರ್ಪೆಟ್ ಏರಿಯಾದಲ್ಲಿಯೇ ಹೇಳಬೇಕು. ಎಂದೋ ಕಟ್ಟಿ ಮುಗಿಸಿದ ನಮ್ಮಂಥ ಕಟ್ಟಡಕ್ಕೆ ಅದು ಒದಗುವುದಿಲ್ಲ. ಕೆಡವಿ ಕಟ್ಟಿದರೆ ಒದಗುತ್ತದೆ. ಬಿಲ್ಡರ್ ತೋರಿಸಿದ 1,200 ಯಾವ ಅಳತೆಯದು ಎಂದು ಕೇಳಿದಾಗ ಹುಡುಗ ‘ಸೂಪರ್ ಬಿಲ್ಟ್‌ಅಪ್ ಸಾರ್’ ಎಂದು ಮೆಲ್ಲಗೆ ಹೇಳಿದ. ಮೆಟ್ಟಿಲು, ಲಿಫ್ಟು, ಗೋಡೆಯ ದಪ್ಪ ಎಲ್ಲ ಸೇರಿ.

ಹಳೆಯ ಕಟ್ಟಡಗಳ ಮರುನಿರ್ಮಾಣದಲ್ಲಿ ಮುಂಬಯಿ ನಮಗಿಂತ ಬಹಳ ಮುಂದೆ ಹೋಗಿದೆ. ಮಹಾರಾಷ್ಟ್ರದ ಸಹಕಾರಿ ವಸತಿ ಸಂಘಗಳಲ್ಲಿ 2019ರಿಂದ ಶೇಕಡ 51 ಸದಸ್ಯರು ಒಪ್ಪಿದರೆ ಸಾಕು. ತಮಿಳುನಾಡು 2022ರ ಕಾಯಿದೆಯಲ್ಲಿ ಮೂರರಲ್ಲಿ ಎರಡು ಪಾಲು ಮಾಲೀಕರ ಒಪ್ಪಿಗೆ ಎಂದು ಇಟ್ಟಿತು. ನಮ್ಮ ಹಳೆಯ ಕಾಯಿದೆಯ ಬದಲು ಹೊಸದು ಬೇಕೆಂಬ ಮಾತು ಇಲ್ಲಿಯೂ ಇದೆ. 2025ರಲ್ಲಿ ಕರಡು ಮಸೂದೆ ಚರ್ಚೆಗೂ ಬಂತು. ಎಲ್ಲರ ಒಪ್ಪಿಗೆಯೇ ಬೇಕೆಂದರೆ ಒಬ್ಬ ಹಟಮಾರಿ ಹನ್ನೊಂದು ಮನೆಗಳನ್ನು ಸೋರುವ ಛಾವಣಿಯ ಕೆಳಗೆ ಇರಿಸಬಹುದು. ಬಹುಮತ ಸಾಕೆಂದರೆ ಏಳು ಮಂದಿ ಸೇರಿ ಐವರನ್ನು ಮನೆ ಬಿಡಿಸಬಹುದು. ಯಾವುದು ಹೆಚ್ಚು ಕೆಟ್ಟದ್ದು ಎಂಬುದು ನೀವು ಏಳರಲ್ಲಿ ಇದ್ದೀರೋ ಐದರಲ್ಲಿ ಇದ್ದೀರೋ ಎಂಬುದರ ಮೇಲೆ ಹೋಗುತ್ತದೆ. ನನ್ನ ಮಟ್ಟಿಗೆ ಮೂರರಲ್ಲಿ ಎರಡು ಪಾಲು ಕಡಿಮೆಯಾಯಿತು, ನಾಲ್ಕರಲ್ಲಿ ಮೂರಾದರೂ ಇರಲಿ, ಜೊತೆಗೆ ಕಟ್ಟಡ ನಿಜವಾಗಿ ಕೆಟ್ಟಿದೆ ಎಂದು ಹೊರಗಿನ ಎಂಜಿನಿಯರ್ ಬರೆದುಕೊಡಲಿ.

ಸಭೆಯಲ್ಲಿ ಹತ್ತು ಮನೆಯವರು ಒಪ್ಪಿ ಕೈ ಎತ್ತಿದರು. ಮೊಬೈಲಿನವರ ಕೈಯನ್ನೂ ಲೆಕ್ಕಕ್ಕೆ ಹಿಡಿದೆವು. ನಾನು ಎತ್ತಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅಜ್ಜಿ ಹೇಳಿದ್ದು ಇಷ್ಟು: ‘ನಾನು ಸಹಿ ಹಾಕಲ್ಲ ಅಂತ ಹೇಳ್ತಾ ಇಲ್ಲ. ಓದದೆ ಹಾಕಲ್ಲ. 1991ರಲ್ಲಿ ನಮ್ಮನೆಯವರು ಹೇಳಿದರು ಅಂತ ಓದದೆ ಹಾಕಿದ್ದೆ.’ ಆಮೇಲೆ ಸ್ವಲ್ಪ ತಡೆದು, ‘ಬಾವಿ ಏನು ಮಾಡ್ತೀರಿ?’ ಎಂದರು.

ಬಾವಿಯ ವಿಷಯ ಹೇಳದಿದ್ದರೆ ಅವರ ಪ್ರಶ್ನೆ ಅರ್ಥವಾಗದು. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ನಮ್ಮ ಬೋರ್‌ವೆಲ್ ಗಾಳಿ ಉಗುಳಿತು. ಟ್ಯಾಂಕರಿಗೆ ಫೋನು ಮಾಡಿದರೆ ನಾಳೆ ಬಾ ಎಂಬ ಉತ್ತರ. ಆಗ ಅಜ್ಜಿ ಕೋಲೂರಿಕೊಂಡು ಕೆಳಗೆ ಇಳಿದು ಬಂದು, ಮೂರನೆಯ ಕಾರಿನ ಜಾಗಕ್ಕೆ ಹೋಗಿ, ಕೋಲಿನಿಂದ ನೆಲ ಕುಟ್ಟಿ, ‘ಇಲ್ಲಿ’ ಎಂದರು. ಕಾರು ಸರಿಸಿ, ಗಾರೆ ಒಡೆದು, ಕಲ್ಲುಚಪ್ಪಡಿ ಎತ್ತಿದರೆ ಹಳೆಯ ಬಂಗಲೆಯ ಬಾವಿ. ಕಟ್ಟುವಾಗ ತುಂಬಿಸುವ ಖರ್ಚು ಉಳಿಸಲು ಮೇಲೆ ಚಪ್ಪಡಿ ಮುಚ್ಚಿಬಿಟ್ಟಿದ್ದರು. ಹಗ್ಗ ಬಿಟ್ಟು ನೋಡಿದೆವು, ನೀರಿತ್ತು. ಕುಡಿಯುವುದಕ್ಕಲ್ಲ, ಕಕ್ಕಸಿಗೆ, ನೆಲ ಒರೆಸಲು ಆ ಬೇಸಿಗೆ ಅದೇ ನೀರು. ಆಮೇಲೆ ತಾರಸಿಯ ಮಳೆನೀರಿನ ಕೊಳವೆಯನ್ನು ಅದಕ್ಕೇ ಇಳಿಸಿದೆವು. ನಮ್ಮ ಸಂಘ ಮೂವತ್ತು ವರ್ಷದಲ್ಲಿ ಒಮ್ಮತದಿಂದ ಮಾಡಿದ ಕೆಲಸ ಅದೊಂದೇ ಇರಬೇಕು.

ಹೊಸ ನಕ್ಷೆಯಲ್ಲಿ ಎರಡು ನೆಲಮಾಳಿಗೆಗಳಿವೆ. ಬಾವಿ ಇರುವ ಜಾಗದಲ್ಲಿ ಕಾರು ಇಳಿಯುವ ದಾರಿ. ಮೆಟ್ಟಿಲ ಕೆಳಗಿನ ಕೋಣೆಯೂ ಇಲ್ಲ. ಕಾವಲಿಗೆ ಏಜೆನ್ಸಿಯವರು ಪಾಳಿಯ ಮೇಲೆ ಬರುತ್ತಾರಂತೆ. ಸಭೆಗೆ ಕುರ್ಚಿ ಹಾಕಿ, ಚಹಾ ತಂದುಕೊಟ್ಟು, ಕಂಬಕ್ಕೊರಗಿ ಎಲ್ಲವನ್ನೂ ಕೇಳುತ್ತ ನಿಂತಿದ್ದ ವಾಚ್‌ಮನ್ ಮರುದಿನ ನನ್ನನ್ನು ಕೇಳಿದ್ದು ಒಂದೇ ಮಾತು: ‘ಅಣ್ಣಾರ, ಹುಡುಗೀದು ಈಗ ಎಂಟನೇತ್ತ. ಎಸ್ಸೆಸ್ಸೆಲ್ಸಿ ಮುಗಿಯೂತನಕ ನಿಲ್ಲತೈತೇನ್ರಿ?’ ಅವಳು ಹೋಗುವ ಸರಕಾರಿ ಶಾಲೆ ಇಲ್ಲಿಗೆ ಹತ್ತು ನಿಮಿಷದ ನಡಿಗೆ. ನಾನು ನಿಲ್ಲಬಹುದು ಎಂದೆ. ಯಾವ ಧೈರ್ಯದ ಮೇಲೆ ಹಾಗೆಂದೆನೋ.

ವಕೀಲರು ಕಾಗದ ನೋಡುತ್ತಿದ್ದಾರೆ. ಮೊದಲು ಘೋಷಣಾ ಪತ್ರ ಮಾಡಿಸಿ ಸಂಘವನ್ನು ಸರಿಯಾದ ಕಾಯಿದೆಯ ಕೆಳಗೆ ತನ್ನಿ, ಹನ್ನೆರಡು ಮಂದಿ ಬಿಡಿಬಿಡಿಯಾಗಿ ಬಿಲ್ಡರಿನ ಜೊತೆ ಮಾತಾಡಬೇಡಿ, ಬ್ಯಾಂಕ್ ಗ್ಯಾರಂಟಿ ಇಲ್ಲದೆ ಬೀಗದ ಕೈ ಕೊಡಬೇಡಿ ಎಂದಿದ್ದಾರೆ. ಅರ್ಧ ಕಟ್ಟಿ ನಿಂತರೆ ಬಾಡಿಗೆಯೂ ನಿಲ್ಲುತ್ತದೆ, ಹೋಗಲು ಹಳೆಯ ಮನೆಯೂ ಇರುವುದಿಲ್ಲ. ಅಜ್ಜಿಗೆ ಎಂಬತ್ತು ದಾಟಿದೆ. ಮೂರು ವರ್ಷ ಬೇರೆ ಕಡೆ ಇದ್ದು ವಾಪಸ್ಸು ಬನ್ನಿ ಎಂದು ಅವರಿಗೆ ಹೇಳುವುದು ಸುಲಭವಲ್ಲ. ಹೇಳಲು ಕಾರ್ಯದರ್ಶಿಗಳು ನನ್ನನ್ನು ಕಳಿಸಿದರು, ನಾನು ಹೋಗಿ ಕಾಫಿ ಕುಡಿದು ಬಂದೆ.

ಇವೆಲ್ಲ ಒಂದು ವರ್ಷವೋ ಎರಡು ವರ್ಷವೋ ಹಿಡಿಯುವ ಮಾತು. ಅಷ್ಟರಲ್ಲಿ ಮಳೆ ಬರುತ್ತದೆ. ಹೇಗಿದ್ದರೂ ಕೆಡವುವ ಕಟ್ಟಡಕ್ಕೆ ಏಕೆ ದುಡ್ಡು ಎಂದು ಮೊದಲ ಅಂತಸ್ತಿನವರು ತೆಗೆದರು. ನಾನು ಅವರಿಗೆ ಇಟ್ಟಿಗಿಯ ಎಮ್ಮೆಯ ಕಥೆ ಹೇಳಿದೆ. ಅದರಿಂದ ಮನಸ್ಸು ಕರಗಿತೋ, ಕಥೆ ಇನ್ನೂ ಉದ್ದವಾದೀತೆಂದು ಹೆದರಿದರೋ, ಸಂಜೆ ಚೆಕ್ಕು ಕಳಿಸಿದರು. ಹನ್ನೊಂದು ಮನೆಯ ಹಣ ಬಂದಿದೆ. ಹನ್ನೆರಡನೆಯದು ಅಮೆರಿಕದಿಂದ ಬರಬೇಕು.

ಕೆಲಸದವರು ಮೊನ್ನೆ ತಾರಸಿ ನೋಡಲು ಬಂದರು. ಮೇಸ್ತ್ರಿ ಹಳೆಯ ಟೈಲುಗಳನ್ನು ಸುತ್ತಿಗೆಯಿಂದ ತಟ್ಟಿ ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿದ. ಎದ್ದು ನಿಂತು ಕೈ ಒರೆಸಿಕೊಳ್ಳುತ್ತ ಕೇಳಿದ: ‘ಮೂರು ವರ್ಷದ ಕೋಟಿಂಗ್ ಇದೆ, ಹತ್ತು ವರ್ಷದ್ದಿದೆ. ರೇಟು ಡಬಲ್ ಆಗುತ್ತೆ. ಯಾವುದು ಹಾಕಲಿ ಸಾರ್?’

ಕಾರ್ಯದರ್ಶಿಗಳು ನನ್ನ ಮುಖ ನೋಡಿದರು, ನಾನು ನೀರಿನ ಟ್ಯಾಂಕಿನ ಕಡೆ ನೋಡಿದೆ. ಲಿಫ್ಟಿನಲ್ಲಿ ಹತ್ತಿ ಬಂದು ಬಾಗಿಲ ಬಳಿ ನಿಂತಿದ್ದ ಅಜ್ಜಿ, ‘ಹತ್ತರದ್ದು ಹಾಕಪ್ಪ’ ಎಂದರು.